ರೈತನ ವಿಶ್ರಾಂತಿ ಕಾಲ: ದುಡಿಮೆಯ ಭಾರ ಮೊದಲು, ಹಕ್ಕಿನ ಕಾಗದ ಕೊನೆಗೆ

ಸರ್ಕಾರಿ ನೌಕರನಿಗೆ 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ ಮನೆಗೆ ಕಳುಹಿಸುತ್ತಾರೆ. ರೈತನಿಗೆ ಅಂಥ ದಿನವನ್ನು ಯಾರೂ ಗೊತ್ತು ಮಾಡಿಲ್ಲ. ಮುಂಗಾರಿ ಬಂದರೆ ಕೂರಿಗೆ, ಹಿಂಗಾರಿ ಬಂದರೆ ಕುಂಟೆ, ನಡುವೆ ಎಡೆ, ಔಷಧ ಸಿಂಪರಣೆ, ರಾಶಿ. ಹೀಗೆ ವರ್ಷದ ಮೇಲೆ ವರ್ಷ ಉರುಳಿ, ಒಂದು ದಿನ ಮೊಣಕಾಲು ಏಳದಾದಾಗಲೋ, ಕಣ್ಣಿಗೆ ಪೊರೆ ಬಂದಾಗಲೋ, ಎದೆನೋವು ಕಾಣಿಸಿಕೊಂಡಾಗಲೋ ಒಕ್ಕಲುತನ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಹಣವೂ ಇರುವುದಿಲ್ಲ, ಯೋಚಿಸಿ ನಿರ್ಧರಿಸಲು ಸಮಯವೂ ಇರುವುದಿಲ್ಲ.

ಇದಕ್ಕಿಂತ ಹೆಚ್ಚಿನ ತೊಂದರೆ ಇನ್ನೊಂದಿದೆ. ಅನೇಕ ಹಿರಿಯ ರೈತರು ಬಿಡಬೇಕಾದುದನ್ನು ಹಿಡಿದುಕೊಂಡು, ಹಿಡಿದುಕೊಳ್ಳಬೇಕಾದುದನ್ನು ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಜಗಳ ಬೇಡವೆಂದು 60ರ ಹೊತ್ತಿಗೇ ಜಮೀನನ್ನೆಲ್ಲ ಮಕ್ಕಳ ಹೆಸರಿಗೆ ಮಾಡಿಕೊಡುತ್ತಾರೆ. ಆದರೆ ಅದೇ ಜಮೀನಿನಲ್ಲಿ 70ರವರೆಗೂ ಬೆನ್ನಿಗೆ ಸಿಂಪರಣಾ ಯಂತ್ರ ಕಟ್ಟಿಕೊಂಡು ಔಷಧ ಹೊಡೆಯುತ್ತಾರೆ. ಆಗಬೇಕಾದದ್ದು ಇದಕ್ಕೆ ತಿರುಗಾ ಮುರುಗಾ. ದುಡಿಮೆಯ ಭಾರವನ್ನು ಬೇಗ ಇಳಿಸಬೇಕು. ಹಕ್ಕಿನ ಕಾಗದವನ್ನು ಕೊನೆಗೆ ಬಿಡಬೇಕು. ಕಲಬುರಗಿ ನಗರ ಮತ್ತು ಕಮಲಾಪುರದ ಸುತ್ತಲಿನ ರೈತ ಕುಟುಂಬಗಳನ್ನು ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಈ ಭಾಗದ ಪರಿಸ್ಥಿತಿ

ಕಲಬುರಗಿ ಜಿಲ್ಲೆಯದು ಬಹುಪಾಲು ಮಳೆಯಾಶ್ರಿತ ಬೇಸಾಯ. ಮುಖ್ಯ ಬೆಳೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರಕಿತು. ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 35 ಕಿ.ಮೀ. ದೂರದಲ್ಲಿರುವ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಗೂ ಭೌಗೋಳಿಕ ಸೂಚಿ ಇದೆ. ತೊಗರಿಯ ಹಣ ವರ್ಷಕ್ಕೊಮ್ಮೆ, ರಾಶಿಯಾಗಿ ಗಂಜಿಗೆ ಹೋದ ಮೇಲೆ ಕೈಗೆ ಬರುತ್ತದೆ. ಕೆಂಪು ಬಾಳೆಯ ಹಣ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು. ಆದರೆ ಮುದುಕರ ಖರ್ಚು ಪ್ರತಿ ತಿಂಗಳೂ ಇರುತ್ತದೆ. ವರ್ಷಕ್ಕೊಮ್ಮೆ ಬರುವ ಆದಾಯವನ್ನು ತಿಂಗಳ ಖರ್ಚಿಗೆ ಹೊಂದಿಸುವುದೇ ರೈತನ ವಿಶ್ರಾಂತಿ ಕಾಲದ ಮುಖ್ಯ ಲೆಕ್ಕ.

ಎರಡನೆಯದಾಗಿ, ಮಕ್ಕಳಲ್ಲಿ ಒಬ್ಬರಾದರೂ ನೌಕರಿಗೋ ವ್ಯಾಪಾರಕ್ಕೋ ಕಲಬುರಗಿ, ಹೈದರಾಬಾದ್, ಪುಣೆ, ಬೆಂಗಳೂರು ಸೇರಿರುತ್ತಾರೆ. ಊರಲ್ಲೇ ಇರಬೇಕೋ, ಮಕ್ಕಳ ಹತ್ತಿರ ಹೋಗಬೇಕೋ ಎಂಬ ಪ್ರಶ್ನೆ ಹೀಗೆ ಹುಟ್ಟುತ್ತದೆ.

1. ಬಿಡಬೇಕಾದ ಕೆಲಸ, ಇಟ್ಟುಕೊಳ್ಳಬಹುದಾದ ಕೆಲಸ

ಪೂರ್ತಿ ಸುಮ್ಮನೆ ಕುಳಿತುಕೊಳ್ಳುವುದು ವಿಶ್ರಾಂತಿಯಲ್ಲ. ಜೀವಮಾನವಿಡೀ ದುಡಿದ ಶರೀರ ಒಮ್ಮೆಲೇ ನಿಂತರೆ ಕೀಲುಗಳು ಬಿಗಿಯುತ್ತವೆ, ಹಸಿವು ಇಂಗುತ್ತದೆ, ಮನಸ್ಸು ಕುಗ್ಗುತ್ತದೆ. ಆದ್ದರಿಂದ ಕೆಲಸವನ್ನು ಬದಲಿಸಬೇಕು, ನಿಲ್ಲಿಸಬಾರದು.

60 ದಾಟಿದವರು ಬಿಡಬೇಕಾದ ಕೆಲಸಗಳು:

(ಅ) ಕೀಟನಾಶಕ ಸಿಂಪರಣೆ. ತೊಗರಿಯಲ್ಲಿ ಕಾಯಿಕೊರಕದ ಹತೋಟಿಗೆ ಹೂವಾಡುವ ಮತ್ತು ಕಾಯಿ ಕಟ್ಟುವ ಕಾಲದಲ್ಲಿ ಮೇಲಿಂದ ಮೇಲೆ ಔಷಧ ಹೊಡೆಯಬೇಕಾಗುತ್ತದೆ. 16 ಲೀಟರ್ ಹಿಡಿಯುವ ಯಂತ್ರ ತುಂಬಿದಾಗ ಅದರ ಭಾರ 20 ಕಿಲೋಗ್ರಾಮಿನಷ್ಟಾಗುತ್ತದೆ. ಎದೆಯೆತ್ತರ ಬೆಳೆದ ತೊಗರಿಯ ಸಾಲಿನಲ್ಲಿ ಔಷಧ ನೇರವಾಗಿ ಮುಖಕ್ಕೆ ಬರುತ್ತದೆ. ರಕ್ತದೊತ್ತಡ, ಹೃದ್ರೋಗ, ಉಬ್ಬಸ ಇದ್ದವರಿಗೆ ಇದು ಪ್ರಾಣಾಪಾಯದ ಕೆಲಸ. ಒಂದು ದಿನದ ಕೂಲಿ ಉಳಿಸಲು ಹೋಗಿ ಆಸ್ಪತ್ರೆಗೆ ಅದರ ನೂರು ಪಟ್ಟು ಕಟ್ಟಬೇಕಾಗಬಹುದು.

(ಆ) ರಾತ್ರಿ ನೀರು ಹಾಯಿಸುವುದು. ಕತ್ತಲಲ್ಲಿ ಹಾವು, ಜಾರುವ ಬದು, ಒದ್ದೆ ಕೈಯಲ್ಲಿ ಮುಟ್ಟುವ ವಿದ್ಯುತ್ ಸ್ವಿಚ್ಚು, ಮೂರೂ ಅಪಾಯವೇ.

(ಇ) ಹೊಸದಾಗಿ ಕಟ್ಟಿದ ಎತ್ತುಗಳನ್ನು ಪಳಗಿಸುವುದು, ಬಣವೆ ಏರುವುದು, ಚೀಲ ಹೊರುವುದು.

(ಈ) ಕೆಂಪು ಬಾಳೆಯ ತೋಟವನ್ನು ಒಬ್ಬರೇ ನಿರ್ವಹಿಸುವುದು. ಇದರ ಗಿಡ ಎತ್ತರ, ಗೊನೆ ಭಾರ, ಅವಧಿ ದೀರ್ಘ. ಗಾಳಿಗೆ ಬೀಳದಂತೆ ಊರೆಗೋಲು ಕೊಡಬೇಕು, ಮರಿಕಂದು ತೆಗೆಯುತ್ತಿರಬೇಕು, ನೀರು ತಪ್ಪಬಾರದು. ಇದು ಹರೆಯದ ಕೈಗಳಿಗೆ ತಕ್ಕ ಬೆಳೆ. ಹಿರಿಯರು ಹಿತ್ತಲಲ್ಲಿ ನಾಲ್ಕಾರು ಬುಡ ಇಟ್ಟುಕೊಂಡು ತಳಿ ಉಳಿಸಿದರೆ ಅದೇ ದೊಡ್ಡ ಸೇವೆ.

ಇಟ್ಟುಕೊಳ್ಳಬಹುದಾದ ಕೆಲಸಗಳೂ ಕಡಿಮೆಯೇನಿಲ್ಲ. ಬಿತ್ತನೆ ಬೀಜ ಆರಿಸುವುದು, ಕೈಚೀಲ ಹಾಕಿಕೊಂಡು ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು, ಬಿತ್ತಿದ 45-50 ದಿನಗಳಲ್ಲಿ ತಂಪು ಹೊತ್ತಿನಲ್ಲಿ ತೊಗರಿಯ ಕುಡಿ ಚಿವುಟುವುದು, ಮೋಹಕ ಬಲೆಗೆ ಬಿದ್ದ ಪತಂಗಗಳನ್ನು ಎಣಿಸಿ ಬರೆದಿಡುವುದು, ಗಂಜಿನ ಧಾರಣೆ ವಿಚಾರಿಸುವುದು, ಮನೆಯ ಜಮಾ-ಖರ್ಚು ಬರೆಯುವುದು ಇವೆಲ್ಲ ಅನುಭವ ಬೇಡುವ, ಶ್ರಮ ಕಡಿಮೆ ಇರುವ ಕೆಲಸಗಳು. ಎರಡು ಆಡು, ಎಂಟು-ಹತ್ತು ನಾಟಿ ಕೋಳಿ ಸಾಕುವುದು ಹಗುರವಾದ ಉದ್ಯೋಗ. ಹಾಲಿನ ಎಮ್ಮೆಯನ್ನು ಮಾತ್ರ ಮೇವು, ಸಗಣಿ ನೋಡಿಕೊಳ್ಳುವ ಬೇರೊಬ್ಬರು ಇದ್ದರಷ್ಟೇ ಕಟ್ಟಬೇಕು.

ದೂರದೃಷ್ಟಿ ಇದ್ದವರು 50ರ ವಯಸ್ಸಿನಲ್ಲೇ ಬದುಗಳ ಮೇಲೆ ಮಾವು, ಹುಣಸೆ, ಸೀತಾಫಲ, ನುಗ್ಗೆ ಹಚ್ಚಬೇಕು. ನುಗ್ಗೆ ವರ್ಷದೊಳಗೆ ಕಾಯಿ ಬಿಡುತ್ತದೆ. ಕಸಿ ಮಾವು ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ. 60ರ ಹೊತ್ತಿಗೆ ಉಳುಮೆ ಇಲ್ಲದೆಯೇ ಬರುವ ಆದಾಯ ಇದು.

2. ತಿಂಗಳ ಲೆಕ್ಕ

ಲೆಕ್ಕ ಹಾಕುವ ಬಗೆ ತಿಳಿಯಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ಕಮಲಾಪುರದ ಹತ್ತಿರ 6 ಎಕರೆ ಒಣಭೂಮಿ ಇರುವ 62 ವರ್ಷದ ರೈತ, 57 ವರ್ಷದ ಪತ್ನಿ. ಹಿರಿಯ ಮಗ ಹೊಲ ನೋಡಿಕೊಳ್ಳುತ್ತಾನೆ. ಕಿರಿಯವನು ಕಲಬುರಗಿಯಲ್ಲಿ ನೌಕರಿ. ಮಗಳ ಮದುವೆಯಾಗಿದೆ. ಜೋಳ, ಬೇಳೆ ಮನೆಯವೇ. ಇವುಗಳನ್ನು ಬಿಟ್ಟು ದಂಪತಿಗಳಿಗೆ ತಿಂಗಳಿಗೆ ಬೇಕಾಗುವ ನಗದು:

ಎಣ್ಣೆ, ಹಾಲು, ತರಕಾರಿ, ಸಾಮಾನು – 2,500 ರೂ.
ಔಷಧ, ವೈದ್ಯರು – 1,200 ರೂ.
ಬಸ್ಸು, ಫೋನು, ವಿದ್ಯುತ್ – 900 ರೂ.
ಮದುವೆ-ಮುಂಜಿ, ಆಯೇರಿ, ಜಾತ್ರೆ – 700 ರೂ.
ಆಪತ್ತಿಗೆ ತೆಗೆದಿಡುವುದು – 700 ರೂ.
ಒಟ್ಟು – 6,000 ರೂ.

ಈಗ ಆದಾಯದ ಕಡೆ. 6 ಎಕರೆಯಲ್ಲಿ 4 ಎಕರೆಯ ಹುಟ್ಟುವಳಿಯನ್ನು ಹೊಲ ಮಾಡುವ ಮಗನಿಗೆ ಬಿಟ್ಟು, 2 ಎಕರೆಯ ಹುಟ್ಟುವಳಿಯನ್ನು ತಂದೆ-ತಾಯಿ ಇಟ್ಟುಕೊಂಡರು ಎಂದು ಭಾವಿಸಬೇಕು. ಎಕರೆಗೆ 4 ಕ್ವಿಂಟಲ್‌ನಂತೆ 8 ಕ್ವಿಂಟಲ್ ತೊಗರಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂ. ಪೇಟೆಯ ಧಾರಣೆ ಅದಕ್ಕಿಂತ ಕೆಳಗಿಳಿಯುವುದೂ ಉಂಟು. ಆದ್ದರಿಂದ 7,000 ರೂ. ಎಂದೇ ಹಿಡಿದರೆ 56,000 ರೂ. ಆಳು, ಬೀಜ, ಔಷಧ, ಯಂತ್ರದ ಬಾಡಿಗೆಗೆ ಎಕರೆಗೆ 13,000 ರೂ.ನಂತೆ 26,000 ಕಳೆದರೆ ಉಳಿಯುವುದು 30,000 ರೂ., ಅಂದರೆ ತಿಂಗಳಿಗೆ 2,500 ರೂ.

ರೈತ ದುಡಿಯುವ ಕಾಲದಲ್ಲೇ ಕೂಡಿಸಿದ 3 ಲಕ್ಷ ರೂ.ಗಳನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಈ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಶೇ. 8.2 ಬಡ್ಡಿ ನಿಗದಿಯಾಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಆದರೆ ಒಮ್ಮೆ ಇಟ್ಟ ಹಣಕ್ಕೆ ಐದು ವರ್ಷ ಅದೇ ದರ ನಡೆಯುತ್ತದೆ. ಶೇ. 8.2ರಂತೆ 3 ಲಕ್ಷಕ್ಕೆ ವರ್ಷಕ್ಕೆ 24,600 ರೂ., ತಿಂಗಳಿಗೆ 2,050 ರೂ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ವರ್ಷದ 6,000 ರೂ. ಎಂದರೆ ತಿಂಗಳಿಗೆ 500 ರೂ.

ಮೂರೂ ಸೇರಿ 5,050 ರೂ. ಕೊರತೆ 950 ರೂ. ಮಾತ್ರ. ಇದನ್ನು ಮಕ್ಕಳು ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ. ಅದೇ ರೈತ 6 ಎಕರೆಯನ್ನೂ ಮಕ್ಕಳ ಹೆಸರಿಗೆ ಬರೆದು, ಕೂಡಿಟ್ಟ 3 ಲಕ್ಷವನ್ನು ಮನೆ ಕಟ್ಟುವ ಮಗನಿಗೆ ಕೊಟ್ಟಿದ್ದರೆ 6,000 ರೂ.ಗಳಿಗೂ ಪ್ರತಿ ತಿಂಗಳು ಕೈ ಒಡ್ಡಬೇಕಾಗುತ್ತಿತ್ತು. ಮಕ್ಕಳು ಎಷ್ಟೇ ಒಳ್ಳೆಯವರಾದರೂ ಬರಗಾಲ ಬಿದ್ದ ವರ್ಷ ಅವರ ಕೈಯೂ ಬರಿದಾಗುತ್ತದೆ. ಆದ್ದರಿಂದ ಇದು ಮಕ್ಕಳ ಮೇಲಿನ ಅಪನಂಬಿಕೆಯ ಮಾತಲ್ಲ, ಮಳೆಯ ಮೇಲಿನ ಅಪನಂಬಿಕೆಯ ಮಾತು.

ಮೇಲಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಜಮೀನು, ಇಳುವರಿ, ಖರ್ಚಿಗೆ ಅನುಗುಣವಾಗಿ ಲೆಕ್ಕ ಹಾಕಿಕೊಳ್ಳಬೇಕು.

3. ಹಣ ಇಡುವಲ್ಲಿ ಎಚ್ಚರಿಕೆ

ರಾಶಿಯಾದ ಮೇಲೆ ಕೈಗೆ ಬಂದ ಹಣದಲ್ಲಿ ಮೊದಲು ಒಂದು ವರ್ಷದ ಖರ್ಚನ್ನು ಬೇರೆ ಇಡಬೇಕು. ಮುಂದಿನ ವರ್ಷ ಮಳೆ ಕೈಕೊಟ್ಟರೂ ಊಟ-ಔಷಧ ನಡೆಯಬೇಕು. ಉಳಿದುದನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಇಡುವುದು ಕ್ಷೇಮ. ಬ್ಯಾಂಕ್ ಠೇವಣಿಗೆ 2020ರ ಫೆಬ್ರುವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮಾ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆ ಇಲ್ಲ. ಹೆಚ್ಚು ಬಡ್ಡಿಯ ಆಸೆಗೆ ಎಲ್ಲ ಹಣವನ್ನು ಒಂದೇ ಸಂಘದಲ್ಲಿ ಇಡಬಾರದು. ಕೆಲವೇ ತಿಂಗಳಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಒಂದು ರೂಪಾಯಿಯನ್ನೂ ಕೊಡಬಾರದು.

ಹಿರಿಯರು ಸಾಲಕ್ಕೆ ಜಾಮೀನು ನಿಲ್ಲುವುದನ್ನು 60ರ ನಂತರ ಪೂರ್ತಿ ನಿಲ್ಲಿಸಬೇಕು. ಫೋನಿನಲ್ಲಿ ಕೇಳಿದವರಿಗೆ ಗುಪ್ತಸಂಖ್ಯೆಯನ್ನು ಹೇಳಬಾರದು. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಸಾಧ್ಯವಿದ್ದಲ್ಲಿ ಪತ್ನಿಯೊಂದಿಗೆ ಜಂಟಿ ಖಾತೆ ಮಾಡಬೇಕು.

ಸರ್ಕಾರದ ನೆರವು: 65 ವರ್ಷ ದಾಟಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು ಮೊದಲಾದವರಿಗೆ ರಾಜ್ಯ ಸರ್ಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. ಮಾಸಾಶನವು 2021ರಲ್ಲಿ 1,200 ರೂ.ಗೆ ಏರಿತು. ಆದಾಯ ಮಿತಿಯ ಷರತ್ತು ಉಂಟು. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಆಧಾರ್ ಚೀಟಿಯಲ್ಲಿ ವಯಸ್ಸು ತಪ್ಪಾಗಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಇದನ್ನು 58-59ರಲ್ಲೇ ಸರಿಪಡಿಸಿಕೊಳ್ಳುವುದು ಜಾಣತನ.

ಮಗ-ಸೊಸೆಯ ಮುಪ್ಪಿಗೂ ಈಗಲೇ ದಾರಿ ಮಾಡಬಹುದು. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಮಾನಧನ ಯೋಜನೆಗೆ 18ರಿಂದ 40 ವಯಸ್ಸಿನ, 2 ಹೆಕ್ಟೇರ್‌ವರೆಗೆ ಸಾಗುವಳಿ ಭೂಮಿ ಇರುವ ರೈತರು ಸೇರಬಹುದು. ವಂತಿಗೆ 18ರಲ್ಲಿ ಸೇರಿದರೆ ತಿಂಗಳಿಗೆ 55 ರೂ., 40ರಲ್ಲಿ ಸೇರಿದರೆ 200 ರೂ. ಅಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂ. ಪಿಂಚಣಿ. ಜಮೀನು ಯಾರ ಹೆಸರಲ್ಲಿದೆ ಎಂಬುದು ಇಂಥ ಯೋಜನೆಗಳಲ್ಲಿ ಮುಖ್ಯ. ಖಾತೆ ಬದಲಿಸುವ ಮುನ್ನ ಯಾವ ಸೌಲಭ್ಯ ನಿಲ್ಲುತ್ತದೆ, ಯಾವುದು ಮುಂದುವರಿಯುತ್ತದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

4. ಜಮೀನಿನ ಕಾಗದ

ರೈತನಿಗೆ ಜಮೀನೇ ಪಿಂಚಣಿ. ಅದನ್ನು ಬಿಟ್ಟುಕೊಡುವ ದಾರಿಗಳು ಹಲವು. ಒಂದೊಂದರ ಪರಿಣಾಮವೂ ಬೇರೆ.

ದಾನಪತ್ರ: ನೋಂದಣಿಯಾಗಿ ಸ್ವೀಕೃತವಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಸಾಧಾರಣವಾಗಿ ಬರುವುದಿಲ್ಲ.

ವಾಟಣಿ ಪತ್ರ: ಪಿತ್ರಾರ್ಜಿತ ಆಸ್ತಿಯಾದರೆ ಮಕ್ಕಳಿಗೂ ಪಾಲಿರುತ್ತದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮಗಳನ್ನು ಬಿಟ್ಟು ಮಾಡಿದ ವಾಟಣಿ ಮುಂದೆ ನ್ಯಾಯಾಲಯಕ್ಕೆ ಹೋಗುತ್ತದೆ. ವಾಟಣಿ ಮಾಡುವಾಗ ತಂದೆ-ತಾಯಿಗೆ ಒಂದು ಭಾಗವನ್ನು ಅವರ ಹೆಸರಿನಲ್ಲೇ ಬೇರೆ ಇಡಿಸಬೇಕು. ಸರ್ವೆ ನಂಬರಿನ ಒಂದು ತುಂಡನ್ನು ಬೇರ್ಪಡಿಸುವುದಾದರೆ 11-ಇ ನಕ್ಷೆ ಬೇಕಾಗುತ್ತದೆ.

ಮೃತ್ಯುಪತ್ರ: ಸ್ವಯಾರ್ಜಿತ ಆಸ್ತಿ ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಬಂದುದನ್ನು ಹಿಂದೂ ರೈತನು ಮೃತ್ಯುಪತ್ರದ ಮೂಲಕ ಕೊಡಬಹುದು. ಇದು ಬರೆದವನ ಮರಣದ ನಂತರವೇ ಜಾರಿಗೆ ಬರುತ್ತದೆ. ಬದುಕಿರುವಷ್ಟು ಕಾಲ ಎಷ್ಟು ಸಲವಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಅಗತ್ಯ. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಮುಸ್ಲಿಂ ಕುಟುಂಬಗಳಲ್ಲಿ ವೈಯಕ್ತಿಕ ಕಾನೂನಿನಂತೆ ಮೃತ್ಯುಪತ್ರದಿಂದ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೆಯ ಒಂದು ಭಾಗ ಮಾತ್ರ. ಆಯಾ ಕಾನೂನು ಬಲ್ಲ ವಕೀಲರನ್ನು ಕೇಳಿ ಮುಂದುವರಿಯಬೇಕು.

ಈ ಮೂರರಲ್ಲಿ ಬದುಕಿರುವವರೆಗೆ ಹಕ್ಕನ್ನು ತನ್ನಲ್ಲೇ ಉಳಿಸಿಕೊಡುವುದು ಮೃತ್ಯುಪತ್ರ. ಹೊಲ ಮಾಡುವ ಅಧಿಕಾರವನ್ನು ಮಗನಿಗೆ ಇಂದೇ ಕೊಡಬಹುದು. ಯಾವ ಬೆಳೆ, ಯಾವ ತಳಿ, ಯಾವಾಗ ಮಾರಾಟ ಎಂಬುದನ್ನು ಅವನೇ ನಿರ್ಧರಿಸಲಿ. ಅಲ್ಲಿ ಹಿರಿಯರು ಬಿಗಿ ಹಿಡಿದರೆ ಮಗನಿಗೆ ಒಕ್ಕಲುತನದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಆದರೆ ಪಹಣಿಯಲ್ಲಿಯ ಹೆಸರು ಬೇರೆ ಮಾತು.

ಕೆಲವು ಸಂದರ್ಭಗಳಲ್ಲಿ ಜೀವಂತ ಇರುವಾಗಲೇ ಮಕ್ಕಳ ಹೆಸರಿಗೆ ಮಾಡಿಕೊಡಬೇಕಾಗಿ ಬರುತ್ತದೆ. ಆಗ ಪತ್ರದಲ್ಲಿ ಒಂದು ಷರತ್ತು ತಪ್ಪದೆ ಬರೆಸಬೇಕು: ಆಸ್ತಿ ಪಡೆದವರು ತಂದೆ-ತಾಯಿಯರ ಊಟ, ವಸತಿ, ಔಷಧೋಪಚಾರವನ್ನು ಜೀವನಪರ್ಯಂತ ನೋಡಿಕೊಳ್ಳತಕ್ಕದ್ದು. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಕಲಮಿನಂತೆ ಇಂಥ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ನ್ಯಾಯಮಂಡಳಿ ರದ್ದುಗೊಳಿಸಬಹುದು. ಷರತ್ತು ಇದ್ದುದನ್ನು ತೋರಿಸದಿದ್ದರೆ ಈ ಕಲಮು ಅನ್ವಯಿಸದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕು ಎಂದಿತು. ಆದರೂ ಬಾಯಿಮಾತನ್ನು ನೆಚ್ಚದೆ ಎರಡು ಸಾಲು ಬರೆಸಿಬಿಟ್ಟರೆ ವಾದಕ್ಕೇ ಎಡೆಯಿರುವುದಿಲ್ಲ.

ಇದೇ ಕಾಯ್ದೆಯಂತೆ ಮಕ್ಕಳಿಂದ ಜೀವನಾಂಶ ಬೇಡಿ ಅರ್ಜಿ ಕೊಡಬಹುದು. ಕರ್ನಾಟಕದಲ್ಲಿ ಉಪವಿಭಾಗದ ಸಹಾಯಕ ಆಯುಕ್ತರು ಇದರ ವಿಚಾರಣೆ ನಡೆಸುತ್ತಾರೆ. ಬಿಳಿಯ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೂ ಸಾಕು. ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ.

ಮಕ್ಕಳೆಲ್ಲ ಪಟ್ಟಣ ಸೇರಿದ್ದರೆ ಹೊಲವನ್ನು ಪಾಲಿಗೋ ಲಾವಣಿಗೋ ಹಾಕುವ ರೂಢಿ ಇದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯಿಂದ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕೆಲವೇ ವಿನಾಯಿತಿಗಳನ್ನು ಬಿಟ್ಟು ನಿಷೇಧವಿದೆ. ಆದ್ದರಿಂದ ಬಾಯಿಮಾತಿನ ಲಾವಣಿಯಲ್ಲಿ ಹಣ ಬರದಿದ್ದರೆ ಕೇಳಲು ಕಾನೂನಿನ ಬಲವಿರುವುದಿಲ್ಲ. ಆಳು ಮತ್ತು ಬಾಡಿಗೆ ಯಂತ್ರಗಳಿಂದ ತಾನೇ ಮಾಡಿಸುವುದು, ಅಥವಾ ಸ್ವಲ್ಪ ಭೂಮಿಗೆ ಹಣ್ಣಿನ ಗಿಡ ಹಚ್ಚುವುದು ಹೆಚ್ಚು ಭದ್ರ.

5. ಪತ್ನಿಯ ಮುಪ್ಪು

ಲೆಕ್ಕ ಹಾಕುವಾಗ ಅನೇಕರು ಮರೆಯುವುದು ಮನೆಯಾಕೆಯನ್ನು. ಗಂಡನಿಗೆ ವಿಶ್ರಾಂತಿ ಸಿಕ್ಕರೂ ಆಕೆಗೆ ರೊಟ್ಟಿ ಬಡಿಯುವುದು, ನೀರು ತರುವುದು, ಮೊಮ್ಮಕ್ಕಳನ್ನು ನೋಡುವುದು ತಪ್ಪುವುದಿಲ್ಲ. ಗಂಡನಿಗಿಂತ ವಯಸ್ಸಿನಲ್ಲಿ ಕಿರಿಯಳಾದ್ದರಿಂದ ಹಲವು ವರ್ಷ ಒಂಟಿಯಾಗಿ ಬದುಕಬೇಕಾಗುವುದೂ ಹೆಚ್ಚಾಗಿ ಆಕೆಯೇ. ಆಕೆಯ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ, ಸ್ವಲ್ಪ ಠೇವಣಿ, ಸಾಧ್ಯವಾದರೆ ಒಂದು ತುಂಡು ಭೂಮಿ ಅಥವಾ ವಾಸದ ಮನೆ ಇರಬೇಕು. ಯಾವ ಕಾಗದ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಆಕೆಗೆ ತಿಳಿದಿರಬೇಕು. ಗಂಡ ತೀರಿದ ಮೇಲೆ ಬ್ಯಾಂಕಿನ ಮೆಟ್ಟಿಲನ್ನು ಮೊದಲ ಬಾರಿ ಹತ್ತುವ ಪರಿಸ್ಥಿತಿ ಆಕೆಗೆ ಬರಬಾರದು.

6. ಆರೋಗ್ಯ

ಪರೀಕ್ಷೆ: 50 ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕಣ್ಣು ಪರೀಕ್ಷೆ ಮಾಡಿಸಬೇಕು. ರಕ್ತದೊತ್ತಡ 140/90ಕ್ಕಿಂತ ಮೇಲಿದ್ದರೆ ವೈದ್ಯರನ್ನು ಕಾಣಬೇಕು. ಈ ಎರಡೂ ರೋಗಗಳು ಬಹುಕಾಲ ನೋವು ಕೊಡುವುದಿಲ್ಲ. ನೋವಿಲ್ಲವೆಂದು ಗುಳಿಗೆ ಬಿಡುವವರೇ ಮುಂದೆ ಪಾರ್ಶ್ವವಾಯು, ಮೂತ್ರಪಿಂಡದ ತೊಂದರೆಗೆ ಗುರಿಯಾಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯೂ ಸಾಮಾನ್ಯ ಗುಳಿಗೆಗಳೂ ಉಚಿತ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ 1976ರಿಂದ ನಡೆದುಬಂದಿರುವ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಆಗುತ್ತದೆ. ಪೊರೆ ಪೂರ್ತಿ ಬಲಿಯಲೆಂದು ಕಾಯುವುದು ಬೇಡ.

ಬಿಸಿಲು: ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಮುಪ್ಪಿನಲ್ಲಿ ಬಾಯಾರಿಕೆ ತಿಳಿಯುವುದು ಕಡಿಮೆ. ಬಾಯಾರದಿದ್ದರೂ ಆಗಾಗ ನೀರು, ಮಜ್ಜಿಗೆ ಕುಡಿಯಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹೊಲದ ಕಡೆ ಹೋಗಬಾರದು. ಹೃದ್ರೋಗ, ಮೂತ್ರಪಿಂಡದ ರೋಗ ಇದ್ದವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಬೇಕು.

ಆಹಾರ: ಈ ಭಾಗದ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಒಳ್ಳೆಯ ಊಟ. ಹಲ್ಲು ಹೋದವರು ರೊಟ್ಟಿ ಅಗಿಯಲಾಗದೆ ಬರೀ ಅನ್ನ-ಚಹದ ಮೇಲೆ ದಿನ ಕಳೆಯುತ್ತಾರೆ. ಅದರಿಂದ ಶಕ್ತಿ ಕುಂದುತ್ತದೆ. ಅವರಿಗೆ ಜೋಳದ ನುಚ್ಚು, ಅಂಬಲಿ, ಮೆತ್ತಗೆ ಬೇಯಿಸಿದ ಬೇಳೆ, ಮೊಸರು, ಮೊಟ್ಟೆ ಕೊಡಬೇಕು. ಒಬ್ಬರಿಗೆ ದಿನಕ್ಕೆ ಉಪ್ಪು ಒಟ್ಟು 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಬೇಕು. ಸಕ್ಕರೆ ಕಾಯಿಲೆ ಇದ್ದವರು ಬಾಳೆಹಣ್ಣನ್ನು ವೈದ್ಯರ ಸಲಹೆಯಂತೆ ತಿನ್ನಬೇಕು. ತಂಬಾಕು, ಗುಟಕಾ, ಬೀಡಿ ಬಿಡಲು ಯಾವ ವಯಸ್ಸೂ ತಡವಲ್ಲ.

ಬೀಳುವುದು: ಮುಪ್ಪಿನಲ್ಲಿ ತೊಡೆಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ. ಈ ಭಾಗದ ಮನೆಗಳಲ್ಲಿ ಶಹಾಬಾದ್ ಫರಸಿ ಹಾಸುವುದು ರೂಢಿ. ನಯಗೊಳಿಸಿದ ಫರಸಿ ಒದ್ದೆಯಾದರೆ ಜಾರುತ್ತದೆ. ಬಚ್ಚಲು, ಪಾಯಖಾನೆಗೆ ಒರಟು ಫರಸಿ ಹಾಕಿಸಿ, ಗೋಡೆಗೆ ಹಿಡಿಕೆ, ರಾತ್ರಿ ಒಂದು ದೀಪ ಇಡಬೇಕು. ಆಸ್ಪತ್ರೆಯ ಖರ್ಚಿನ ಮುಂದೆ ಈ ಖರ್ಚು ಏನೇನೂ ಅಲ್ಲ.

ದೊಡ್ಡ ಕಾಯಿಲೆ: ಕಲಬುರಗಿ ನಗರದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ, ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆ, ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆಯ ಘಟಕ ಇವೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ-ಕಾಲು ಬಲ ಕಳೆದುಕೊಳ್ಳುವುದು ಕಂಡ ಕೂಡಲೇ 108ಕ್ಕೆ ಕರೆ ಮಾಡಬೇಕು. ಬೆಳಗಾಗಲೆಂದು ಕಾಯಬಾರದು. ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ದೊರೆಯುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆ ಇದೆ. ಇದಕ್ಕೆ ಗೊತ್ತುಪಡಿಸಿದ ತಿಂಗಳುಗಳಲ್ಲೇ ಹೆಸರು ನೋಂದಾಯಿಸಬೇಕು. ಆದ್ದರಿಂದ ಸಂಘದ ಕಾರ್ಯದರ್ಶಿಯನ್ನು ಮುಂಚಿತವಾಗಿ ವಿಚಾರಿಸಬೇಕು.

7. ಊರೋ, ನಗರವೋ?

ನಗರದಲ್ಲಿ ಆಸ್ಪತ್ರೆ ಹತ್ತಿರ, ಮೊಮ್ಮಕ್ಕಳು ಹತ್ತಿರ. ಊರಲ್ಲಿ ಪರಿಚಯದ ಜನ, ಕಟ್ಟೆ, ಭಜನೆ, ಕಣ್ಣೆದುರು ಹೊಲ. ಎರಡರಲ್ಲೂ ಲಾಭವಿದೆ, ನಷ್ಟವೂ ಇದೆ. ನಗರದ ಎರಡನೆಯ ಅಂತಸ್ತಿನ ಮನೆಯಲ್ಲಿ ಹಗಲಿಡೀ ಒಬ್ಬರೇ ಕೂಡುವ ಹಿರಿಯರು ಬೇಗ ಸೊರಗುತ್ತಾರೆ. ಹಾಗೆಯೇ ಊರಲ್ಲಿ ಯಾರೂ ಇಲ್ಲದ ಮನೆಯಲ್ಲಿ ಕಾಯಿಲೆಯವರು ಇರುವುದೂ ಸರಿಯಲ್ಲ.

ಮೊದಲು ಒಂದು ಬೇಸಿಗೆ ಅಥವಾ ಒಂದು ಮಳೆಗಾಲ ನಗರದಲ್ಲಿದ್ದು ನೋಡಬೇಕು. ಅಲ್ಲಿಯವರೆಗೆ ಊರಮನೆ ಮಾರಬಾರದು. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದು. 60 ದಾಟಿದವರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ನಡೆದಾಡುವ ಶಕ್ತಿ ಇರುವಷ್ಟು ದಿನ ಊರಲ್ಲಿದ್ದು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರುವುದು ಅನೇಕರಿಗೆ ಹೊಂದುತ್ತದೆ.

ನೆನಪಿಡಬೇಕಾದ ಅಂಶಗಳು

1. 50ರಲ್ಲಿ ಬದುವಿಗೆ ಗಿಡ, ಬ್ಯಾಂಕಿಗೆ ಉಳಿತಾಯ. 60ರಲ್ಲಿ ಸಿಂಪರಣೆ, ಹೊರೆ, ರಾತ್ರಿ ನೀರು ಬಂದ್.
2. ಹೊಲ ಮಾಡುವ ಅಧಿಕಾರ ಮಕ್ಕಳಿಗೆ. ಕನಿಷ್ಠ ಒಂದು ಭಾಗದ ಪಹಣಿ ಮತ್ತು ಹುಟ್ಟುವಳಿ ತಂದೆ-ತಾಯಿಗೆ.
3. ಬರೆದುಕೊಡಲೇಬೇಕಾದರೆ ಪೋಷಣೆಯ ಷರತ್ತು ಪತ್ರದಲ್ಲೇ ಇರಲಿ.
4. ಒಂದು ವರ್ಷದ ಖರ್ಚು ಸದಾ ಕೈಯಲ್ಲಿರಲಿ. ಯಾರಿಗೂ ಜಾಮೀನು ಬೇಡ.
5. ಪತ್ನಿಯ ಹೆಸರಿನಲ್ಲಿ ಖಾತೆ, ಠೇವಣಿ, ಆಸರೆ ಇರಲಿ.
6. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಮೃತ್ಯುಪತ್ರದ ಪ್ರತಿ, ಔಷಧ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಇಬ್ಬರಿಗೆ ತಿಳಿಸಿರಬೇಕು.

ವಿಸ್ತರಣಾ ಕಾರ್ಯಕರ್ತರು ಬಿತ್ತನೆ ಪೂರ್ವದ ಸಭೆಗಳಲ್ಲಿ ಬೀಜ-ಗೊಬ್ಬರದ ಮಾತಿನ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಡುವುದು ಒಳ್ಳೆಯದು. ಸಭೆಗೆ ಗಂಡ-ಹೆಂಡತಿ ಇಬ್ಬರನ್ನೂ ಕರೆಯಬೇಕು. ತಿಂಗಳ ಖರ್ಚಿನ ಲೆಕ್ಕವನ್ನು ಅಲ್ಲೇ ಅವರ ಕೈಯಿಂದ ಬರೆಸಬೇಕು. ನಾಡಕಚೇರಿಯ ಮತ್ತು ಆರೋಗ್ಯ ಕೇಂದ್ರದ ಸಿಬ್ಬಂದಿಯೂ ಅದೇ ದಿನ ಬಂದರೆ ವಯಸ್ಸಿನ ತಿದ್ದುಪಡಿ, ಮಾಸಾಶನದ ಅರ್ಜಿ, ರಕ್ತದೊತ್ತಡದ ತಪಾಸಣೆ ಒಂದೇ ಕಡೆ ಮುಗಿಯುತ್ತವೆ. ಮುಂದಿನ ರಾಶಿಯ ಹಣ ಕೈಗೆ ಬರುವ ಮೊದಲೇ ಈ ಲೆಕ್ಕ ಬರೆದಿಟ್ಟುಕೊಂಡ ರೈತನಿಗೆ ಆ ಹಣವನ್ನು ಎಲ್ಲಿ, ಎಷ್ಟು, ಯಾರ ಹೆಸರಿನಲ್ಲಿ ಇಡಬೇಕೆಂಬುದು ಸ್ಪಷ್ಟವಾಗಿರುತ್ತದೆ.